ಲಕ್ವ ಹೊಡೆದಾಗ ಮೊದಲು ಗಡಿಯಾರ ನೋಡಿ

ಲಕ್ವ ಹೊಡೆದವರ ಮನೆಗೆ ನೋಡಿಕೊಂಡು ಬರಲು ಹೋದರೆ ಕಿವಿಗೆ ಬೀಳುವ ಮಾತು ಹೆಚ್ಚುಕಡಿಮೆ ಒಂದೇ. "ಏನ್ಮಾಡೋದು, ಹಣೇಲಿ ಬರೆದಿತ್ತು." ಕೈಕಾಲು ಬಿದ್ದವರಿಗೆ ನಡುಮನೆಯ ಮೂಲೆಯಲ್ಲೊಂದು ಮಂಚ, ಮನೆಯ ಹೆಣ್ಣುಮಗಳಿಗೆ ಹಗಲುರಾತ್ರಿ ಅವರ ಸೇವೆ. ಇಷ್ಟಕ್ಕೆ ಎಲ್ಲರೂ ಒಗ್ಗಿಹೋಗಿದ್ದೇವೆ.

ಮೂವತ್ತು ವರ್ಷಗಳ ಹಿಂದೆ ಡಾಕ್ಟರರ ಕೈಯಲ್ಲೂ ಹೆಚ್ಚೇನೂ ಇರಲಿಲ್ಲ ಎಂಬುದು ನಿಜ. ಆದರೆ 1995ರಿಂದ ಈಚೆಗೆ ಒಂದರ ಹಿಂದೆ ಒಂದರಂತೆ ಸಾವಿರಾರು ರೋಗಿಗಳ ಮೇಲೆ ನಡೆದ ಪ್ರಯೋಗಗಳು ಈ ಕಾಯಿಲೆಯ ಕಥೆಯನ್ನೇ ಬದಲಾಯಿಸಿವೆ. ಮಾತು ನಿಂತವರು ಮತ್ತೆ ಮಾತಾಡುತ್ತಾ ಮನೆಗೆ ಬರುವುದುಂಟು. ಈ ಹೊಸ ಚಿಕಿತ್ಸೆಗಳಿಗೆ ಇರುವುದು ಒಂದೇ ಷರತ್ತು: ಹೊತ್ತು ಮೀರಬಾರದು. ಆ ಹೊತ್ತು ಉಳಿಯುವುದೂ ಕಳೆದುಹೋಗುವುದೂ ಆಸ್ಪತ್ರೆಗಿಂತ ಹೆಚ್ಚಾಗಿ ಮನೆಯಲ್ಲಿ. ಆದ್ದರಿಂದಲೇ ಈ ವಿಷಯ ಗೃಹಿಣಿಯರಾದ ನಮಗೆ ತಿಳಿದಿರಬೇಕು.

ಲಕ್ವ ಎಂದರೇನು?

ಪುಸ್ತಕದ ಭಾಷೆಯಲ್ಲಿ ಇದು ಪಾರ್ಶ್ವವಾಯು, ಡಾಕ್ಟರರ ಬಾಯಲ್ಲಿ ಸ್ಟ್ರೋಕ್. ಹೆಸರಿನಲ್ಲಿ 'ವಾಯು' ಇದ್ದರೂ ಗಾಳಿಗೂ ಇದಕ್ಕೂ ಸಂಬಂಧವಿಲ್ಲ. ಕೆಟ್ಟಿರುವುದು ಕೈಯೂ ಅಲ್ಲ, ಕಾಲೂ ಅಲ್ಲ. ಅವುಗಳನ್ನು ಆಡಿಸುವ ಮೆದುಳು. ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದರೆ ಬಲಗೈ ಬಲಗಾಲು ಸೋಲುತ್ತವೆ, ಬಹಳ ಜನಕ್ಕೆ ಮಾತೂ ಹೋಗುತ್ತದೆ. ಬಲಭಾಗಕ್ಕೆ ಬಿದ್ದರೆ ಎಡಗೈ ಎಡಗಾಲು.

ಲಕ್ವದಲ್ಲಿ ಎರಡು ಬಗೆ. ಮೆದುಳಿಗೆ ರಕ್ತ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುವುದು ಒಂದು. ಹೆಚ್ಚಿನವರಿಗೆ ಆಗುವುದು ಇದೇ. ನಾಳ ಒಡೆದು ಮೆದುಳಿನೊಳಗೆ ರಕ್ತ ಸುರಿಯುವುದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಅದೇ ಸೊಟ್ಟ ಬಾಯಿ, ಅದೇ ಸೋತ ಕೈ. ಎಷ್ಟೇ ಅನುಭವಿ ಡಾಕ್ಟರಾದರೂ ಬರೀ ಕಣ್ಣಿನಿಂದ ನೋಡಿ ಇಂಥದ್ದೇ ಎಂದು ಖಚಿತವಾಗಿ ಹೇಳಲಾರರು. ಹೇಳುವುದು ತಲೆಯ ಸಿ.ಟಿ. ಸ್ಕ್ಯಾನ್. ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಕಂಡುಹಿಡಿದ ಈ ಯಂತ್ರದಲ್ಲಿ ಮೊದಲ ರೋಗಿಯ ತಲೆಯನ್ನು ಪರೀಕ್ಷಿಸಿದ್ದು 1971ರಲ್ಲಿ. 1979ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಒಂದು ಬಗೆಗೆ ಅಮೃತವಾದ ಮದ್ದು ಇನ್ನೊಂದು ಬಗೆಗೆ ವಿಷ. ಹಾಗಾಗಿ ಸ್ಕ್ಯಾನ್ ಆಗುವ ತನಕ ಯಾವ ಮದ್ದಿಗೂ ಕೈ ಹಾಕುವಂತಿಲ್ಲ.

"ಅವರಿಗೆ ಎಣ್ಣೆ ಹಚ್ಚಿಯೇ ವಾಸಿಯಾಯ್ತು"

ಲಕ್ವಕ್ಕೆ ಮದ್ದು ಹೇಳದವರು ಯಾರು? ಒಬ್ಬರು ಎಣ್ಣೆ ತಂದುಕೊಡುತ್ತಾರೆ, ಒಬ್ಬರು ಪಾರಿವಾಳದ ರಕ್ತ ಹಚ್ಚಿ ಎನ್ನುತ್ತಾರೆ, ಮತ್ತೊಬ್ಬರು ಇಂಥ ಊರಲ್ಲಿ ಬೇರು ಕೊಡುತ್ತಾರೆ ಎಂದು ವಿಳಾಸ ಬರೆದುಕೊಡುತ್ತಾರೆ. ಪ್ರತಿಯೊಬ್ಬರ ಬಳಿಯೂ ವಾಸಿಯಾದವರ ಹೆಸರಿರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ಹಾಗಾದರೆ ಆ ಮದ್ದೇ ವಾಸಿ ಮಾಡಿತೆ?

ಇದನ್ನು ತಿಳಿಯಲು ಡಾಕ್ಟರರು ಮಾಡುವ ಪರೀಕ್ಷೆಗೆ ಕ್ಲಿನಿಕಲ್ ಟ್ರಯಲ್ ಎನ್ನುತ್ತಾರೆ. ಒಂದೇ ಬಗೆಯ ಕಾಯಿಲೆಯ ನೂರಾರು ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಹೊಸ ಮದ್ದು. ಇನ್ನೊಂದಕ್ಕೆ ಹಳೆಯ ಚಿಕಿತ್ಸೆ, ಇಲ್ಲವೇ ಮದ್ದಿನಂತೆಯೇ ಕಾಣುವ ಸಾದಾ ನೀರು. ಎಷ್ಟೋ ಸಲ ಯಾರಿಗೆ ಯಾವುದು ಹೋಯಿತೆಂದು ಕೊಟ್ಟ ಡಾಕ್ಟರಿಗೂ ಗೊತ್ತಿರುವುದಿಲ್ಲ. ಕೆಲವು ತಿಂಗಳಾದ ಮೇಲೆ ಎರಡೂ ಗುಂಪಿನವರನ್ನು ಎಣಿಸಿ ನೋಡುತ್ತಾರೆ.

1995ರಲ್ಲಿ ಅಮೆರಿಕದಲ್ಲಿ ಮುಗಿದ ಒಂದು ದೊಡ್ಡ ಪ್ರಯೋಗದಲ್ಲಿ, ಮದ್ದಿಲ್ಲದ ಗುಂಪಿನ ಪ್ರತಿ 100 ಜನರಲ್ಲಿ 26 ಮಂದಿ ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ಚೇತರಿಸಿಕೊಂಡಿದ್ದರು! ಆಸ್ಪತ್ರೆಯ ಮಾಮೂಲು ಆರೈಕೆ ಬಿಟ್ಟರೆ ಅವರಿಗೆ ಹೆಪ್ಪಿಗೆಂದು ಯಾವ ಮದ್ದೂ ಹೋಗಿರಲಿಲ್ಲ. ಈಗ ಯೋಚಿಸಿ. ಇಂಥ 100 ಜನಕ್ಕೆ ಯಾರಾದರೂ ಕೊಬ್ಬರಿ ಎಣ್ಣೆ ಹಚ್ಚಿದ್ದರೂ 26 ಜನ 'ಎಣ್ಣೆಯಿಂದಲೇ ವಾಸಿಯಾಯಿತು' ಎಂದು ಮನಸಾರೆ ಹೇಳುತ್ತಿದ್ದರು. ಉಳಿದ 74 ಜನರ ಸುದ್ದಿ ಯಾರೂ ಹೇಳುವುದಿಲ್ಲ.

ಇನ್ನೊಂದು ಗೊಂದಲವೂ ಇದೆ. ಮುಖದ ನರವೊಂದು ಬಾತು ಬಾಯಿ ಸೊಟ್ಟಗಾಗುವುದನ್ನೂ ನಮ್ಮಲ್ಲಿ ಲಕ್ವ ಎಂದೇ ಕರೆಯುತ್ತಾರೆ. ಅದು ಬೇರೆ ಕಾಯಿಲೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಬೇರು ಕೊಟ್ಟವರ ಕೀರ್ತಿಗೆ ಅದೂ ಸೇರಿಕೊಳ್ಳುತ್ತದೆ. ಆದರೆ ಯಾವುದು ಯಾವುದೆಂದು ತೀರ್ಮಾನಿಸುವುದು ಮನೆಯಲ್ಲಿ ಆಗುವ ಕೆಲಸವಲ್ಲ.

ಹೆಪ್ಪು ಕರಗಿಸುವ ಸೂಜಿಮದ್ದು

ಅದೇ 1995ರ ಪ್ರಯೋಗದಲ್ಲಿ ಪರೀಕ್ಷೆಗೆ ಇಟ್ಟಿದ್ದು ಆಲ್ಟಿಪ್ಲೇಸ್ ಎಂಬ ಮದ್ದು. ಇದು ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುತ್ತದೆ. ಒಟ್ಟು 624 ರೋಗಿಗಳು, ಎಲ್ಲರೂ ಲಕ್ವ ಹೊಡೆದ ಮೂರು ಗಂಟೆಯೊಳಗೆ ಚಿಕಿತ್ಸೆ ಶುರುವಾದವರು. ಮದ್ದಿಲ್ಲದವರಲ್ಲಿ 100ಕ್ಕೆ 26 ಮಂದಿ ಚೇತರಿಸಿಕೊಂಡರೆ, ಮದ್ದು ಪಡೆದವರಲ್ಲಿ 39 ಮಂದಿ. ಅಂದರೆ ನೂರಕ್ಕೆ ಹದಿಮೂರು ಮನೆಗಳಲ್ಲಿ ಮಂಚ ಹಿಡಿಯಬೇಕಾದವರು ಎದ್ದು ಓಡಾಡಿದರು.

ಅಪಾಯವೂ ಇತ್ತು. ಮದ್ದು ಪಡೆದ 100ರಲ್ಲಿ ಸುಮಾರು 6 ಜನಕ್ಕೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಸ್ಥಿತಿ ಕೆಟ್ಟಿತು. ಮದ್ದಿಲ್ಲದವರಲ್ಲಿ ಹಾಗಾದದ್ದು 100ಕ್ಕೆ ಒಬ್ಬರಿಗಿಂತ ಕಡಿಮೆ. ಆದರೂ ಮೂರು ತಿಂಗಳ ಕೊನೆಗೆ ಎಣಿಸಿದಾಗ ಮದ್ದಿನ ಗುಂಪಿನಲ್ಲಿ ಸಾವು ಹೆಚ್ಚಿರಲಿಲ್ಲ: 100ಕ್ಕೆ 17, ಇನ್ನೊಂದರಲ್ಲಿ 21.

ಈ ಲೆಕ್ಕವನ್ನು ನೆನಪಿಡಬೇಕಾದ ಕಾರಣವಿದೆ. ತುರ್ತು ವಿಭಾಗದಲ್ಲಿ ಡಾಕ್ಟರು ಒಂದು ಕಾಗದ ಮುಂದಿಟ್ಟು "ಈ ಇಂಜೆಕ್ಷನ್ ಕೊಡ್ತೀವಿ, ರಕ್ತಸ್ರಾವ ಆಗೋ ಸಾಧ್ಯತೆ ಇದೆ, ಸಹಿ ಹಾಕಿ" ಎಂದಾಗ ಪಕ್ಕದಲ್ಲಿ ನಿಂತಿರುವುದು ಬಹಳ ಸಲ ಹೆಂಡತಿ, ಇಲ್ಲವೇ ಸೊಸೆ. "ಊರಿಂದ ಭಾವ ಬರಲಿ, ಕೇಳಿ ಹೇಳ್ತೀನಿ" ಎಂದು ನಾವು ಹಿಂಜರಿಯುತ್ತೇವೆ. ಭಾವ ಬರುವ ಹೊತ್ತಿಗೆ ಮದ್ದಿನ ಹೊತ್ತು ಮುಗಿದಿರುತ್ತದೆ. ಡಾಕ್ಟರನ್ನು ಕೇಳಬೇಕಾದ್ದನ್ನು ಅಲ್ಲೇ ಕೇಳಿ, ಫೋನಿನಲ್ಲಿ ಮಾತಾಡಿ, ಆದರೆ ತೀರ್ಮಾನವನ್ನು ಮುಂದಕ್ಕೆ ಹಾಕಬೇಡಿ.

2008ರಲ್ಲಿ ಯೂರೋಪಿನಲ್ಲಿ 821 ರೋಗಿಗಳ ಮೇಲೆ ನಡೆದ ಪ್ರಯೋಗ ಈ ಮದ್ದಿನ ಗಡುವನ್ನು ಮೂರು ಗಂಟೆಯಿಂದ ನಾಲ್ಕೂವರೆ ಗಂಟೆಗೆ ಏರಿಸಿತು. ಆದರೆ ತಡವಾದಷ್ಟೂ ಲಾಭ ಕಡಿಮೆ. ಅಲ್ಲಿ ಮದ್ದು ಪಡೆದ 100ರಲ್ಲಿ 52 ಜನ ಚೇತರಿಸಿಕೊಂಡರೆ ಪಡೆಯದವರಲ್ಲಿ 45. ಹದಿಮೂರರ ಅಂತರ ಏಳಕ್ಕೆ ಇಳಿದಿತ್ತು. ದೊಡ್ಡ ನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಒಬ್ಬ ತಜ್ಞರು ಲೆಕ್ಕ ಹಾಕಿದ್ದರು. ನಾಲ್ಕೂವರೆ ಗಂಟೆ ಇದೆಯಲ್ಲ ಎಂದು ನಿಧಾನಿಸುವಂತಿಲ್ಲ.

ಆಲ್ಟಿಪ್ಲೇಸನ್ನು ಒಂದು ಗಂಟೆ ಕಾಲ ಡ್ರಿಪ್ಪಿನಲ್ಲಿ ಏರಿಸಬೇಕು. ಈಗ ಟೆನೆಕ್ಟಿಪ್ಲೇಸ್ ಎಂಬ ಇನ್ನೊಂದು ಮದ್ದು ಬಳಕೆಗೆ ಬಂದಿದೆ. ಇದನ್ನು ಒಂದೇ ಸಲಕ್ಕೆ ರಕ್ತನಾಳಕ್ಕೆ ಚುಚ್ಚಿದರೆ ಮುಗಿಯಿತು. 2022ರಲ್ಲಿ ಕೆನಡಾದಲ್ಲಿ ಸುಮಾರು 1600 ರೋಗಿಗಳಲ್ಲಿ ಎರಡನ್ನೂ ಹೋಲಿಸಿ ನೋಡಿದಾಗ ಇದು ಹಳೆಯದಕ್ಕಿಂತ ಏನೂ ಕಡಿಮೆಯಿಲ್ಲ ಎಂದು ಗೊತ್ತಾಯಿತು. ರೋಗಿಯನ್ನು ಒಂದು ಆಸ್ಪತ್ರೆಯಿಂದ ದೊಡ್ಡಾಸ್ಪತ್ರೆಗೆ ಸಾಗಿಸಬೇಕಾದಾಗ ಇದು ಎಷ್ಟು ಅನುಕೂಲವೆಂದು ಬೇರೆ ಹೇಳಬೇಕಿಲ್ಲ.

ತೊಡೆಸಂದಿಯಿಂದ ಮೆದುಳಿನ ತನಕ

ಹೆಪ್ಪು ದೊಡ್ಡದಾಗಿದ್ದರೆ ಮದ್ದಿಗೆ ಕರಗುವುದು ಕಷ್ಟ. ಅದನ್ನು ಹೊರಗೆ ಎಳೆದೇ ತೆಗೆಯಲು ಬರುವುದಿಲ್ಲವೆ? ತೊಡೆಸಂದಿಯ ರಕ್ತನಾಳದಲ್ಲಿ ಸಣ್ಣ ಕೊಳವೆ ತೂರಿಸಿ, ಅದನ್ನು ಮೆದುಳಿನ ತನಕ ಏರಿಸಿ, ತುದಿಯಲ್ಲಿರುವ ತಂತಿಯ ಬಲೆಯಿಂದ ಹೆಪ್ಪನ್ನು ಹಿಡಿದು ಎಳೆಯುವ ವಿಧಾನ ಬಂತು. 2013ರಲ್ಲಿ ಪ್ರಕಟವಾದ ಮೂರು ಪ್ರಯೋಗಗಳಲ್ಲಿ ಇದರಿಂದ ಲಾಭ ಕಾಣಲಿಲ್ಲ. ಡಾಕ್ಟರರು ಕೈಬಿಡಲಿಲ್ಲ. ಉಪಕರಣ ಸುಧಾರಿಸಿದರು, ದೊಡ್ಡ ನಾಳ ಮುಚ್ಚಿದವರನ್ನೇ ಸ್ಕ್ಯಾನಿನಲ್ಲಿ ನೋಡಿ ಆರಿಸಿದರು. 2015ರಲ್ಲಿ ಹಾಲೆಂಡಿನ 16 ಆಸ್ಪತ್ರೆಗಳ 500 ರೋಗಿಗಳ ಪ್ರಯೋಗದ ಫಲ ಹೊರಬಂತು. ತಂತಿಯಿಂದ ಹೆಪ್ಪು ತೆಗೆಸಿಕೊಂಡವರಲ್ಲಿ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಾದವರು 100ಕ್ಕೆ 33. ಬರೀ ಮಾಮೂಲು ಚಿಕಿತ್ಸೆ ಪಡೆದವರಲ್ಲಿ 19. ಅದೇ ವರ್ಷ ಬೇರೆ ದೇಶಗಳ ಇನ್ನೂ ನಾಲ್ಕು ಪ್ರಯೋಗಗಳು ಇದೇ ಮಾತು ಹೇಳಿದವು.

ರಾತ್ರಿ ಚೆನ್ನಾಗಿ ಮಲಗಿ ಬೆಳಿಗ್ಗೆ ಏಳುವಾಗ ಕೈ ಸೋತಿದ್ದರೆ? ಯಾವಾಗ ಹೊಡೆಯಿತೆಂದು ಹೇಳುವುದು ಹೇಗೆ? 2018ರಲ್ಲಿ ಬಂದ ಒಂದು ಪ್ರಯೋಗ ಇಂಥವರಿಗೂ ಆಸೆ ಹುಟ್ಟಿಸಿತು. ಕೊನೆಯ ಸಲ ಚೆನ್ನಾಗಿದ್ದುದನ್ನು ಕಂಡು 6ರಿಂದ 24 ಗಂಟೆ ಕಳೆದಿದ್ದರೂ, ಮೆದುಳಿನಲ್ಲಿ ಉಳಿಸಬಹುದಾದ ಭಾಗ ಇನ್ನೂ ಇದೆ ಎಂದು ಸ್ಕ್ಯಾನ್ ತೋರಿಸಿದ 206 ಜನರನ್ನು ಆರಿಸಿದ್ದರು. ಹೆಪ್ಪು ತೆಗೆಸಿಕೊಂಡವರಲ್ಲಿ 100ಕ್ಕೆ 49 ಮಂದಿ ಸ್ವತಂತ್ರವಾಗಿ ಬದುಕುವಂತಾದರು, ಇಲ್ಲದವರಲ್ಲಿ 13. ಎಲ್ಲರಿಗೂ ಈ ಭಾಗ್ಯ ಇರುವುದಿಲ್ಲ. ಆದರೆ "ಹೊತ್ತು ಮೀರಿತು, ಇನ್ನೇಕೆ" ಎಂದು ಮನೆಯಲ್ಲಿ ಕುಳಿತೇ ನಿರ್ಧರಿಸಬಾರದು.

ಈ ಸೌಲಭ್ಯ ಎಲ್ಲ ಊರಿನಲ್ಲೂ ಇಲ್ಲ. ನಮಗೆ ಹತ್ತಿರದಲ್ಲಿ ಹಗಲುರಾತ್ರಿ ಸಿ.ಟಿ. ಸ್ಕ್ಯಾನ್ ಮಾಡುವ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಆಸ್ಪತ್ರೆ ಯಾವುದು? ಇದನ್ನು ಎಲ್ಲರೂ ಆರೋಗ್ಯವಾಗಿರುವ ಈ ದಿನವೇ ವಿಚಾರಿಸಿ ತಿಳಿದುಕೊಳ್ಳಬೇಕು. ಸ್ಕ್ಯಾನ್ ಇಲ್ಲದ ಕಡೆ ಹೋಗಿ ಗ್ಲೂಕೋಸ್ ಏರಿಸಿಕೊಂಡು ಮಲಗಿದರೆ ಚಿನ್ನದಂಥ ಹೊತ್ತು ಹೋಗುತ್ತದೆ.

ಉಪಚಾರವೆಂದು ಮಾಡುವ ಅಪಚಾರ

ಯಾರಾದರೂ ಕುಸಿದು ಬಿದ್ದರೆ ನಮ್ಮ ಕೈ ಮೊದಲು ಹೋಗುವುದು ನೀರಿನ ಲೋಟಕ್ಕೆ. "ಒಂದು ಗುಟುಕು ಕಾಫಿ ಕುಡೀರಿ, ಸರಿಹೋಗುತ್ತೆ." ಲಕ್ವದಲ್ಲಿ ಇದು ಬಲು ಅಪಾಯ. ಕೈಯಂತೆಯೇ ಗಂಟಲೂ ಸೋತಿರಬಹುದು. ಕುಡಿಸಿದ ನೀರು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ನುಂಗಲು ಬರುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಪರೀಕ್ಷಿಸುವ ತನಕ ಬಾಯಿಗೆ ಏನೂ ಹಾಕಬೇಡಿ, ತೀರ್ಥವನ್ನೂ ಬೇಡ.

ಇದು ಎಷ್ಟು ದೊಡ್ಡ ವಿಷಯವೆಂದು ಆಸ್ಟ್ರೇಲಿಯಾದ ನರ್ಸಮ್ಮಂದಿರು ತೋರಿಸಿಕೊಟ್ಟರು. ಅಲ್ಲಿನ 19 ಆಸ್ಪತ್ರೆಗಳ ಲಕ್ವ ವಾರ್ಡುಗಳಲ್ಲಿ ಒಂದು ಪ್ರಯೋಗ ನಡೆಯಿತು. ಹೊಸ ಔಷಧಿ ಏನೂ ಇಲ್ಲ. ಮೊದಲ ಮೂರು ದಿನ ಜ್ವರ ನೋಡಿ ಇಳಿಸುವುದು, ರಕ್ತದ ಸಕ್ಕರೆ ನೋಡಿ ಹತೋಟಿಯಲ್ಲಿಡುವುದು, ನುಂಗುವುದನ್ನು ಪರೀಕ್ಷಿಸದೆ ಬಾಯಿಗೆ ಏನೂ ಕೊಡದಿರುವುದು. ಈ ಮೂರನ್ನು ಕಟ್ಟುನಿಟ್ಟಾಗಿ ಮಾಡಲು ನರ್ಸುಗಳಿಗೆ ತರಬೇತಿ ಕೊಟ್ಟರು. 2011ರಲ್ಲಿ ಫಲ ಪ್ರಕಟವಾಯಿತು. ಮೂರು ತಿಂಗಳಲ್ಲಿ ಸತ್ತವರು ಅಥವಾ ಪರಾವಲಂಬಿಯಾದವರು, ಮಾಮೂಲು ವಾರ್ಡುಗಳಲ್ಲಿ 100ಕ್ಕೆ 58, ತರಬೇತಿ ಪಡೆದ ವಾರ್ಡುಗಳಲ್ಲಿ 42! ಆಸ್ಪತ್ರೆಯಲ್ಲಿ ರೋಗಿಯ ಪಕ್ಕದಲ್ಲಿ ಕೂರುವವರು ನಾವು. "ಸಿಸ್ಟರ್, ಇವರಿಗೆ ನುಂಗೋಕೆ ಬರುತ್ತಾ ನೋಡಿದ್ರಾ? ಗಂಜಿ ಕೊಡಬಹುದಾ?" ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಎರಡನೆಯದು ಮಾತ್ರೆ. ಆಸ್ಪಿರಿನ್ ಒಳ್ಳೆಯದಂತೆ ಎಂದು ಎಲ್ಲೋ ಓದಿದವರು ಮನೆಯಲ್ಲೇ ಕೊಟ್ಟುಬಿಡುತ್ತಾರೆ. ಹೆಪ್ಪಿನ ಲಕ್ವಕ್ಕೆ ಆಸ್ಪಿರಿನ್ ಉಪಯುಕ್ತವೆಂದು 1997ರಲ್ಲಿ ಸುಮಾರು 40,000 ರೋಗಿಗಳ ಎರಡು ಪ್ರಯೋಗಗಳು ತೋರಿಸಿವೆ, ನಿಜ. ಆದರೆ ಅದು ರಕ್ತವನ್ನು ತೆಳುವಾಗಿಸುವ ಮದ್ದು. ಒಳಗೆ ನಾಳ ಒಡೆದಿದ್ದರೆ? ಕೊಡುವುದು ಸ್ಕ್ಯಾನ್ ಆದ ಮೇಲೆ ಡಾಕ್ಟರರ ಕೆಲಸ.

ಮೂರನೆಯದು ಬಿ.ಪಿ. ಮಾತ್ರೆ. ಲಕ್ವ ಹೊಡೆದಾಗ ಬಿ.ಪಿ. ಏರಿರುತ್ತದೆ. ಅದನ್ನು ನೋಡಿ ಗಾಬರಿಯಿಂದ ಇನ್ನೊಂದು ಮಾತ್ರೆ ಕೊಡುವವರಿದ್ದಾರೆ. ಚೀನಾದಲ್ಲಿ 2,404 ರೋಗಿಗಳಿಗೆ ಆಂಬುಲೆನ್ಸಿನಲ್ಲೇ ಬಿ.ಪಿ. ಇಳಿಸಿ ನೋಡಿದ ಪ್ರಯೋಗದ ಫಲ 2024ರಲ್ಲಿ ಬಂತು. ರಕ್ತಸ್ರಾವದ ಲಕ್ವದವರಿಗೆ ಅದರಿಂದ ಒಳ್ಳೆಯದಾಯಿತು, ಹೆಪ್ಪಿನ ಲಕ್ವದವರಿಗೆ ಕೆಟ್ಟದ್ದಾಯಿತು. ಯಾವುದೆಂದು ತಿಳಿಯದೆ ಬಿ.ಪಿ. ಇಳಿಸಲು ಹೋಗುವುದು ಕತ್ತಲಲ್ಲಿ ಕಲ್ಲು ಎಸೆದ ಹಾಗೆ. ಸ್ಕ್ಯಾನಿನಲ್ಲಿ ರಕ್ತಸ್ರಾವವೆಂದು ಖಚಿತವಾದರೆ ಮಾತು ಬೇರೆ. ನಮ್ಮ ದೇಶವೂ ಸೇರಿ ಹತ್ತು ದೇಶಗಳ 7,036 ರೋಗಿಗಳಲ್ಲಿ, ಆಸ್ಪತ್ರೆ ತಲುಪಿದ ಕೂಡಲೇ ಬಿ.ಪಿ., ಸಕ್ಕರೆ, ಜ್ವರ ಎಲ್ಲವನ್ನೂ ಒಟ್ಟಿಗೆ ಹತೋಟಿಗೆ ತಂದಾಗ ಹೆಚ್ಚು ಜನ ಚೇತರಿಸಿಕೊಂಡರೆಂದು 2023ರಲ್ಲಿ ತಿಳಿದುಬಂತು. ಬಹುಕಾಲ ಏನೂ ಮಾಡಲಾಗದೆಂದಿದ್ದ ರಕ್ತಸ್ರಾವದ ಲಕ್ವಕ್ಕೂ ಹೀಗೆ ದಾರಿ ತೆರೆದಿದೆ.

ಮನೆಗೆ ಬಂದ ಮೇಲೆ

"ಎಷ್ಟು ಬೇಗ ಎಬ್ಬಿಸಿ ನಡೆಸ್ತೀರೋ ಅಷ್ಟು ಒಳ್ಳೇದು" ಎನ್ನುವವರಿದ್ದಾರೆ. ಡಾಕ್ಟರರೂ ಹಾಗೇ ನಂಬಿದ್ದರು. ಐದು ದೇಶಗಳ 2,104 ರೋಗಿಗಳಲ್ಲಿ ಪರೀಕ್ಷಿಸಿದಾಗ, ಮೊದಲ ದಿನದಿಂದಲೇ ಪದೇ ಪದೇ, ಹೆಚ್ಚು ಹೊತ್ತು ಎಬ್ಬಿಸಿದವರು ಉಳಿದವರಿಗಿಂತ ತುಸು ಕಡಿಮೆಯೇ ಚೇತರಿಸಿಕೊಂಡಿದ್ದರು. ಇದು 2015ರ ಮಾತು. ಹಾಗೆಂದು ವಾರಗಟ್ಟಲೆ ಮಲಗಿಸಿಯೇ ಇಡಿ ಎಂದಲ್ಲ. ಯಾವಾಗ, ಎಷ್ಟು ಎಂಬುದನ್ನು ಫಿಸಿಯೋಥೆರಪಿ ಮಾಡಿಸುವವರು ಹೇಳಲಿ.

ನಮ್ಮ ದೇಶದಲ್ಲೇ ನಡೆದ ಒಂದು ಪ್ರಯೋಗವನ್ನು ಮಾತ್ರ ಪ್ರತಿ ಮನೆಯ ಸೊಸೆಯೂ ತಿಳಿದಿರಬೇಕು. ಫಿಸಿಯೋಥೆರಪಿ ಮಾಡುವವರು ಎಲ್ಲ ಕಡೆ ಸಿಗುವುದಿಲ್ಲವಲ್ಲ, ಮನೆಯವರಿಗೇ ವ್ಯಾಯಾಮ ಕಲಿಸಿಬಿಟ್ಟರೆ ಹೇಗೆ ಎಂದು ಯೋಚಿಸಿ, ಭಾರತದ 14 ಆಸ್ಪತ್ರೆಗಳ 1,250 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಮನೆಯವರಿಗೆ ಆಸ್ಪತ್ರೆಯಲ್ಲೂ ಮನೆಗೆ ಹೋಗಿಯೂ ಕಲಿಸಿದರು. ಇನ್ನೊಂದು ಗುಂಪಿಗೆ ಮಾಮೂಲು ಚಿಕಿತ್ಸೆ. ಆರು ತಿಂಗಳ ನಂತರ ಸತ್ತವರು ಅಥವಾ ಪರಾವಲಂಬಿಯಾಗಿ ಉಳಿದವರು ಎರಡೂ ಗುಂಪಿನಲ್ಲಿ 100ಕ್ಕೆ 47. ವ್ಯತ್ಯಾಸವೇ ಇಲ್ಲ! 2017ರಲ್ಲಿ ಇದು ಪ್ರಕಟವಾಯಿತು.

ಮನೆಯವರ ಆರೈಕೆ ಬೇಡವೆಂದು ಇದರ ಅರ್ಥವಲ್ಲ. ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು, ಹಾಸಿಗೆ ಹುಣ್ಣಾಗದಂತೆ ನೋಡಿಕೊಳ್ಳುವುದು, ಧೈರ್ಯ ಹೇಳುವುದು ನಮ್ಮಿಂದಲೇ ಆಗಬೇಕು. ಆದರೆ ತರಬೇತಿ ಪಡೆದವರ ಕೆಲಸವನ್ನು ನಮ್ಮ ಹೆಗಲಿಗೆ ಹಾಕಿಬಿಟ್ಟರೆ ಕೈಕಾಲು ಬಂದುಬಿಡುವುದಿಲ್ಲ. "ಸೊಸೆ ಸರಿಯಾಗಿ ತಿಕ್ಕಲಿಲ್ಲ, ಅದಕ್ಕೇ ಕೈ ಬರಲಿಲ್ಲ" ಎಂಬ ಮಾತನ್ನು ಎಷ್ಟು ಹೆಣ್ಣುಮಕ್ಕಳು ನುಂಗಿಕೊಂಡಿದ್ದಾರೋ! ಆ ಮಾತಿಗೆ ಆಧಾರವಿಲ್ಲ. ಆಡುವವರೂ ನಿಲ್ಲಿಸಬೇಕು, ಕೇಳಿಸಿಕೊಂಡವರೂ ಮನಸ್ಸಿಗೆ ಹಚ್ಚಿಕೊಳ್ಳಬಾರದು.

ನಮ್ಮಿಂದ ಖಂಡಿತ ಆಗುವ ಒಂದು ದೊಡ್ಡ ಕೆಲಸವಿದೆ: ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು. "ಬಿ.ಪಿ. ನಾರ್ಮಲ್ ಆಗಿದೆ, ಇನ್ಯಾಕೆ ಮಾತ್ರೆ?" ಎಂದು ಯಜಮಾನರು ಬಿಟ್ಟುಬಿಡುತ್ತಾರೆ. ಒಮ್ಮೆ ಲಕ್ವ ಅಥವಾ ಅದರ ಮುನ್ಸೂಚನೆ ಕಂಡಿದ್ದ 6,105 ಜನರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಾಲ್ಕು ವರ್ಷ ಬಿ.ಪಿ. ಮಾತ್ರೆ ತೆಗೆದುಕೊಂಡವರಲ್ಲಿ 100ಕ್ಕೆ 10 ಜನಕ್ಕೆ ಮತ್ತೆ ಲಕ್ವ ಬಂತು, ತೆಗೆದುಕೊಳ್ಳದವರಲ್ಲಿ 14 ಜನಕ್ಕೆ. ಬಿ.ಪಿ. ಹೆಚ್ಚಿಲ್ಲದವರಿಗೂ ಈ ಲಾಭ ಸಿಕ್ಕಿತ್ತು. ನಾರ್ಮಲ್ ಆಗಿರುವುದು ಮಾತ್ರೆಯಿಂದಲೇ ಎಂಬುದನ್ನು ಮರೆಯಬಾರದು.

ಉಪ್ಪಿನ ಡಬ್ಬಿಯ ಲೆಕ್ಕ

ಲಕ್ವದ ಅತಿ ದೊಡ್ಡ ಕಾರಣ ರಕ್ತದೊತ್ತಡ. ರಕ್ತದೊತ್ತಡ ಏರಿಸುವುದರಲ್ಲಿ ಉಪ್ಪಿನ ಪಾಲು ದೊಡ್ಡದು. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಎಲ್ಲರೂ ಹಿಂದೆ ಲಕ್ವ ಹೊಡೆದವರು, ಇಲ್ಲವೇ ಬಿ.ಪಿ. ಇದ್ದ ಅರವತ್ತು ದಾಟಿದವರು. ಅರ್ಧ ಹಳ್ಳಿಗಳ ಅಡುಗೆಮನೆಗೆ ಮಾಮೂಲು ಉಪ್ಪಿನ ಬದಲು, ಕಾಲುಭಾಗ ಪೊಟ್ಯಾಸಿಯಂ ಉಪ್ಪು ಬೆರೆಸಿದ ಪುಡಿ ಕೊಟ್ಟರು. ಸುಮಾರು ಐದು ವರ್ಷದ ನಂತರ ನೋಡಿದರೆ ಆ ಹಳ್ಳಿಗಳಲ್ಲಿ ಲಕ್ವ ಶೇಕಡಾ 14ರಷ್ಟು ಕಡಿಮೆ. 2021ರಲ್ಲಿ ಬಂದ ಈ ಫಲಕ್ಕೆ ಕಾರಣ ಉಪ್ಪಿನ ಡಬ್ಬಿಯಲ್ಲಿನ ಬದಲಾವಣೆ ಒಂದೇ. ಆದರೆ ಮೂತ್ರಪಿಂಡದ ತೊಂದರೆ ಇರುವವರಿಗೆ ಪೊಟ್ಯಾಸಿಯಂ ಅಪಾಯಕಾರಿ, ಕೆಲವು ಬಿ.ಪಿ. ಮಾತ್ರೆಗಳ ಜೊತೆಗೂ ಆಗುವುದಿಲ್ಲ. ಡಾಕ್ಟರನ್ನು ಕೇಳದೆ ಅಂಥ ಉಪ್ಪು ತರಬೇಡಿ.

ಕಡಿಮೆ ಉಪ್ಪು ಹಾಕಲು ಮಾತ್ರ ಯಾರನ್ನೂ ಕೇಳಬೇಕಿಲ್ಲ. ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ಜನ ದೊಡ್ಡವರಿರುವ ಮನೆಗೆ ದಿನಕ್ಕೆ 25 ಗ್ರಾಂ. ಒಂದು ಕಿಲೋ ಪೊಟ್ಟಣ 40 ದಿನ ಬರಬೇಕು. ನಿಮ್ಮ ಮನೆಯಲ್ಲಿ ಎಷ್ಟು ದಿನಕ್ಕೆ ಮುಗಿಯುತ್ತದೆ? ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆದು ನೋಡಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಅಂಗಡಿಯ ಖಾರ ಇವೆಲ್ಲ ಆ ಲೆಕ್ಕದ ಮೇಲಿನ ಖರ್ಚು. ಹುಳಿ ಸಾರಿಗೆ ಉಪ್ಪು ತುಸು ಇಳಿಸಿ ನಿಂಬೆರಸ, ಕೊತ್ತಂಬರಿ, ಒಗ್ಗರಣೆಯ ಇಂಗು ಹೆಚ್ಚಿಸಿದರೆ ನಾಲಿಗೆ ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತದೆ.

ಬಾಣಂತಿಗೆ ನೀರು ಕೊಡಿ

ಲಕ್ವ ವಯಸ್ಸಾದವರ ಕಾಯಿಲೆ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಹೆರಿಗೆಯಾದ ಕೆಲವು ವಾರಗಳಲ್ಲಿ ಮೆದುಳಿನಿಂದ ರಕ್ತ ಹಿಂದಿರುಗುವ ನಾಳದಲ್ಲಿ ಹೆಪ್ಪುಗಟ್ಟುವ ಒಂದು ಬಗೆಯಿದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಇದನ್ನು ಅಭ್ಯಾಸ ಮಾಡುತ್ತಾ ಬಂದಿದ್ದಾರೆ. ಹೆರಿಗೆಯ ನಂತರ ರಕ್ತ ಬೇಗ ಹೆಪ್ಪುಗಟ್ಟುವುದು ಸ್ವಾಭಾವಿಕ. ಮೈಯಲ್ಲಿ ನೀರಿನಂಶ ಕಡಿಮೆಯಾದರೆ ಅಪಾಯ ಇನ್ನೂ ಹೆಚ್ಚು. "ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತೆ, ಶೀತ ಆಗುತ್ತೆ" ಎಂದು ಲೋಟ ಕಿತ್ತುಕೊಳ್ಳುವ ಹಿರಿಯರು ಇನ್ನೂ ಇದ್ದಾರೆ. ಅವರಿಗೆ ಮಮತೆಯಿಂದಲೇ ತಿಳಿಹೇಳಿ. ಬಿಸಿನೀರಾದರೂ ಸರಿ, ಬಾಯಾರಿದಾಗಲೆಲ್ಲ ಕುಡಿಯಲಿ.

ಬಾಣಂತಿಗೆ ದಿನೇದಿನೇ ಹೆಚ್ಚುವ ತಲೆನೋವು, ವಾಂತಿ, ಕಣ್ಣು ಮಂಜಾಗುವುದು, ಫಿಟ್ಸ್, ಕೈಕಾಲು ಸೋಲುವುದು ಕಂಡರೆ ಸನ್ನಿ ಎಂದು ತಾಯಿತ ಕಟ್ಟಿಸಲು ಹೋಗಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಈ ಕಾಯಿಲೆಗೆ ಹೆಪಾರಿನ್ ಎಂಬ ಮದ್ದನ್ನು ಜರ್ಮನಿಯಲ್ಲಿ ಪರೀಕ್ಷಿಸಿ 1991ರಲ್ಲಿ ಪ್ರಕಟಿಸಿದರು. ಇದ್ದದ್ದು ಬರೀ 20 ರೋಗಿಗಳು. ಮದ್ದು ಪಡೆದ ಹತ್ತರಲ್ಲಿ ಎಂಟು ಮಂದಿ ಪೂರ್ತಿ ವಾಸಿಯಾದರು, ಯಾರೂ ಸಾಯಲಿಲ್ಲ. ಪಡೆಯದ ಹತ್ತರಲ್ಲಿ ಪೂರ್ತಿ ವಾಸಿಯಾದದ್ದು ಒಬ್ಬರೇ, ಮೂವರು ತೀರಿಕೊಂಡರು. ವ್ಯತ್ಯಾಸ ಅಷ್ಟು ಎದ್ದು ಕಂಡದ್ದರಿಂದ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿಬಿಟ್ಟರು.

"ಪ್ರಯೋಗಕ್ಕೆ ಸೇರ್ತೀರಾ?" ಎಂದರೆ

ದೊಡ್ಡ ಆಸ್ಪತ್ರೆಗಳಲ್ಲಿ ಈಗಲೂ ಪ್ರಯೋಗಗಳು ನಡೆಯುತ್ತಿರುತ್ತವೆ. ರೋಗಿಗೆ ಮಾತು ಬಾರದಿದ್ದರೆ ಒಪ್ಪಿಗೆ ಕೇಳುವುದು ಮನೆಯವರನ್ನು. "ನಮ್ಮವರನ್ನು ಇಲಿ ಥರ ಉಪಯೋಗಿಸ್ತಾರೆ" ಎಂದು ಹೆದರುವುದೂ ಬೇಡ, ಏನೂ ಕೇಳದೆ ಸಹಿ ಹಾಕುವುದೂ ಬೇಡ. ನಮ್ಮ ದೇಶದ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಎಲ್ಲವನ್ನೂ ನಮಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಲಾಭವೇನು, ಅಪಾಯವೇನು, ಸೇರದಿದ್ದರೆ ಯಾವ ಚಿಕಿತ್ಸೆ ಸಿಗುತ್ತದೆ ಎಂದು ವಿವರಿಸಬೇಕು. ಸೇರುವುದಿಲ್ಲ ಎಂದರೆ ಮಾಮೂಲು ಚಿಕಿತ್ಸೆಗೆ ಕುಂದು ಬರಬಾರದು. ನಡುವೆ ಯಾವಾಗ ಬೇಕಾದರೂ ಬಿಡಬಹುದು. ಪ್ರಯೋಗದಿಂದ ತೊಂದರೆಯಾದರೆ ಖರ್ಚಿಲ್ಲದೆ ಚಿಕಿತ್ಸೆ ಕೊಡಬೇಕು, ಪರಿಹಾರಕ್ಕೂ ಅವಕಾಶವಿದೆ. ಇಂದು ನಮ್ಮ ಮನೆಯವರಿಗೆ ಸಿಗುವ ಇಂಜೆಕ್ಷನ್ನಿನ ಹಿಂದೆ, ಅಂದು ಹೀಗೆ ಒಪ್ಪಿಕೊಂಡ ಅಪರಿಚಿತ ಮನೆಗಳ ಋಣವಿದೆ ಎಂಬುದೂ ನೆನಪಿರಲಿ.

ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಬರೆದಿಡಿ

ಮುಖ: ನಗಲು ಹೇಳಿ. ಬಾಯಿ ಒಂದು ಕಡೆ ಜೋತುಬಿದ್ದಿದೆಯೆ?

ಕೈ: ಎರಡೂ ಕೈ ಮುಂದೆ ಚಾಚಲು ಹೇಳಿ. ಒಂದು ಕೆಳಗೆ ಜಾರುತ್ತದೆಯೆ?

ಮಾತು: ತಮ್ಮ ಹೆಸರು, ಊರು ಹೇಳಲಿ. ನಾಲಿಗೆ ತೊದಲುತ್ತದೆಯೆ? ಅರ್ಥವಿಲ್ಲದ ಮಾತು ಬರುತ್ತದೆಯೆ?

ಇದ್ದಕ್ಕಿದ್ದಂತೆ ಕಣ್ಣು ಕಾಣದಿರುವುದು, ತೂರಾಡುವುದು, ಹಿಂದೆಂದೂ ಬಾರದಂಥ ತಲೆನೋವು ಕೂಡ ಲಕ್ಷಣಗಳೇ. ಒಂದು ಕಂಡರೂ ಸಾಕು. ಅರ್ಧ ಗಂಟೆಯಲ್ಲಿ ತಾನಾಗಿ ಸರಿಹೋದರೂ ಅಂದೇ ಆಸ್ಪತ್ರೆಗೆ ಹೋಗಬೇಕು. ದೊಡ್ಡ ಲಕ್ವದ ಮುನ್ಸೂಚನೆ ಅದು.

ಗಡಿಯಾರ: ಕೊನೆಯ ಸಲ ಚೆನ್ನಾಗಿದ್ದುದನ್ನು ನೋಡಿದ್ದು ಎಷ್ಟು ಗಂಟೆಗೆ? ಚೀಟಿಯಲ್ಲಿ ಬರೆದುಕೊಳ್ಳಿ. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳುವುದು ಇದನ್ನೇ.

108ಕ್ಕೆ ಫೋನ್ ಮಾಡಿ. ಬಾಯಿಗೆ ನೀರು, ಮಾತ್ರೆ ಹಾಕಬೇಡಿ. ವಾಂತಿಯಾಗುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ದಿನವೂ ತಿನ್ನುವ ಮಾತ್ರೆಗಳ ಚೀಟಿ, ಆಯುಷ್ಮಾನ್ ಕಾರ್ಡು ಜೊತೆಗಿರಲಿ.

ಹಾಲು ಉಕ್ಕುವ ಮೊದಲು ಒಲೆ ಆರಿಸುವುದು ನಮಗೆ ಯಾರೂ ಹೇಳಿಕೊಡಬೇಕಿಲ್ಲ; ಕಣ್ಣೂ ಕಿವಿಯೂ ಸದಾ ಅತ್ತಲೇ ಇರುತ್ತವೆ. ಮನೆಮಂದಿಯ ಮುಖ, ಕೈ, ಮಾತಿನ ಮೇಲೂ ಅದೇ ಎಚ್ಚರವಿದ್ದರೆ, ಹಣೆಬರಹವೆಂದು ಬಿಟ್ಟ ಎಷ್ಟೋ ಕಾಯಿಲೆಗಳನ್ನು ತಿದ್ದಿ ಬರೆಯಬಹುದು.